ಚಕ್ರ ಮಾತ್ರ ಹೋಗುತ್ತಿತ್ತು

"ಕಡಾಣಿ ಸವೆದಿದ್ರೆ ನಿನ್ನ ಬೆರಳು ತೂರ್ಸಿ ಹಿಡ್ಕೊಳ್ಳೋ, ಸೂಳೆಮಗನೆ. ನಿನ್ನ ಕಡಾಣಿ ರಿಪೇರಿ ಆಗೋತನಕ ಮಳೆ ಕಾಯ್ಕೊಂಡು ಕೂತಿರ್ತದಾ?"

ಪಾರುಪತ್ಯಗಾರ ಗ್ಯಾರಡ್ ಕುದುರೆಯಿಂದ ಇಳಿಯದೆಯೇ ಇಷ್ಟು ಹೇಳಿ ಚಾಟಿಯ ಹಿಡಿಯಿಂದ ಗಾಡಿಯ ಹಿಂದಿನ ಚಕ್ರಕ್ಕೆ ತಟ್ಟಿದ. ಚಕ್ರ ಕಳಚದಂತೆ ಅಚ್ಚಿನ ತುದಿಯಲ್ಲಿ ಹಿಡಿದಿರಬೇಕಾದ ಆ ಕಬ್ಬಿಣದ ಕಡಾಣಿ ಮುದುಕನ ಹಲ್ಲಿನ ಹಾಗೆ ಅಲ್ಲಾಡಿತು. ಅಮೋಸ್ ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡು ನಿಂತಿದ್ದ. ಸುಗ್ಗಿ ಶುರುವಾದಾಗಿನಿಂದ ಅವನು ಇದನ್ನು ಹೇಳುತ್ತಲೇ ಇದ್ದ. ಗ್ಯಾರಡ್ ಮೊದಲು ನೋಡೋಣ ಎಂದಿದ್ದ, ಆಮೇಲೆ ಸುಗ್ಗಿ ಮುಗಿಯಲಿ ಎಂದಿದ್ದ. ಬೆರಳಿನ ಮಾತು ಬಂದದ್ದು ಇವತ್ತು.

"ಅಲ್ಲ ಸ್ವಾಮಿ, ಇಳಿಜಾರು. ಹೊರೆ ತುಂಬಿದ ಮೇಲೆ ಕೆಳಗಡೀಕೆ ವಾಲ್ತದೆ..."

"ವಾಲಿದ್ರೆ ಕೆಳಗಡೆ ನಿಂತು ಕವೆಗೋಲು ಕೊಟ್ಟು ತಡ್ಕೊ. ಅದಕ್ಕೇ ಅಲ್ವೇನೋ ನಿಂಗೆ ವಾರವಾರ ತಿನ್ನೋಕೆ ಹಾಕೋದು."

ಸೆಪ್ಟೆಂಬರ್ ಹುಟ್ಟಿತ್ತು. ಥಾರ್ನ್‌ಮಿಯರ್‌ನ ಕೆಳಗಿನ ಹೊಲಗಳ ಗೋಧಿಯೆಲ್ಲ ಬಣವೆ ಸೇರಿ, ಗುಡ್ಡದ ಹೊಲವೊಂದು ಉಳಿದಿತ್ತು. ಪಡುವಣ ದಿಕ್ಕಿನಲ್ಲಿ ಮೋಡ ಕಟ್ಟುವುದು, ಚೆದುರುವುದು ನಡೆದೇ ಇತ್ತು. ಅಮೋಸನ ಹೆಂಡತಿ ಹೆಪ್ಸಿ ಅಲ್ಲೇ ಹೊಲದ ಮಗ್ಗುಲಲ್ಲಿ ಬಗ್ಗಿ ಸಿವುಡು ಕಟ್ಟುತ್ತಿದ್ದಳು. ಕೂಸು ಬೇಲಿಯ ನೆರಳಲ್ಲಿ ಮಲಗಿತ್ತು, ದೊಡ್ಡವಳು ಲೆಟ್ಟಿ ಅದರ ಮುಖದ ನೊಣ ಓಡಿಸುತ್ತಿದ್ದಳು. ಗಂಡನಿಗೆ ಬಿದ್ದ ಬೈಗುಳ ಹೆಪ್ಸಿಯ ಕಿವಿಗೆ ಬಿತ್ತು. ತಲೆ ಎತ್ತಲಿಲ್ಲ. ಬೈಗುಳಕ್ಕೆಲ್ಲ ತಲೆ ಎತ್ತುತ್ತ ಹೋದರೆ ಸಿವುಡು ಕಟ್ಟುವವರು ಯಾರು?

ಗುಡ್ಡದ ಬುಡದಲ್ಲಿ ಧಣಿ ಸರ್ ಎವರಾರ್ಡ್‌ನ ಬಂಗಲೆ, ತೋಟ, ತೋಟದ ನಡುವೆ ಗಾಜಿನ ಮನೆ. ಹೊರಗೆ ಹಿಮ ಬೀಳುವಾಗಲೂ ಅದರೊಳಗೆ ದ್ರಾಕ್ಷಿ ಹಣ್ಣಾಗುತ್ತಿತ್ತು. ಚಳಿಗಾಲದುದ್ದಕ್ಕೂ ಅದರ ಒಲೆಗೆ ಕಲ್ಲಿದ್ದಲು ಹೊರುವವರು ಇದೇ ಆಳುಗಳು. ತಮ್ಮ ಒಲೆಗೆ ಅವರು ಬೇಲಿಯ ಪುಳ್ಳೆ ಆಯುತ್ತಿದ್ದರು.

ಮಧ್ಯಾಹ್ನದ ಮೇಲೆ ಎರಡನೆಯ ಹೊರೆ ತುಂಬಿ, ಮೂರು ಕುದುರೆ ಕಟ್ಟಿದ ಗಾಡಿ ಇಳಿಜಾರಿಗೆ ಅಡ್ಡವಾಗಿ ಹೊರಟಿತು. ಅಮೋಸ್ ಹೇಳಿದಂತೆ ಕೇಳಿದ. ಕೆಳಗಡೆಯ ಮಗ್ಗುಲಲ್ಲಿ ನಡೆಯುತ್ತ, ವಾಲುವ ಹೊರೆಗೆ ಕವೆಗೋಲು ಕೊಟ್ಟು ತಡೆದುಕೊಂಡು ಹೋದ. ಕಡಾಣಿ ಎಲ್ಲಿ ಬಿತ್ತೋ ಯಾರೂ ನೋಡಲಿಲ್ಲ. ಚಕ್ರ ಅಚ್ಚಿನಿಂದ ಜಾರಿ ಹೊರಬಂತು, ಅಮೋಸನನ್ನು ಕೆಡವಿತು, ಎದೆಯ ಮೇಲೆ ಹತ್ತಿ ಇಳಿಯಿತು, ಆಮೇಲೆ ಯಾವುದೋ ಕೆಲಸ ನೆನಪಾದವರ ಹಾಗೆ ಗುಡ್ಡದ ಕೆಳಗೆ ಓಡಿತು. ಟರ್ನಿಪ್ ಹೊಲ ದಾಟಿ, ಧಣಿಯ ತೋಟದ ಬೇಲಿಗೆ ಒಂದು ಕಲ್ಲೆಸೆತ ಉಳಿದಿದ್ದಾಗ ಸುತ್ತುಸುತ್ತಿ ಮಲಗಿತು.

ಗ್ಯಾರಡ್ ಕುದುರೆ ಓಡಿಸಿಕೊಂಡು ಬಂದ. ಅಮೋಸನ ಸುತ್ತ ನೆರೆದವರನ್ನು ನೋಡಲಿಲ್ಲ, ಕೆಳಗೆ ನೋಡಿದ.

"ಗಾಜಿನ ಮನೆಗೆ ಏನೂ ಆಗ್ಲಿಲ್ಲ ತಾನೆ?"

ಅಮೋಸ್ ಮಾರನೆಯ ದಿನ ಮಧ್ಯಾಹ್ನದವರೆಗೆ ಇದ್ದ. ಹೋಗುವ ಮುಂಚೆ ಹೆಪ್ಸಿಯ ಹತ್ತಿರ ನೀರು ಕೇಳಿದ, ಕುದುರೆಗಳಿಗೆ ನೀರು ಕುಡಿಸಿದ್ರಾ ಎಂದೂ ಕೇಳಿದ.

*

ಅಸಹಜವಾಗಿ ಸತ್ತವರ ವಿಚಾರಣೆ ಊರ ಪಡಖಾನೆಯಲ್ಲೇ ನಡೆಯಬೇಕು. ಅಷ್ಟು ಜನ ಕೂರಲು ಬೇರೆ ಜಾಗ ಎಲ್ಲಿದೆ? ಹಿಂದಿನ ಕೋಣೆಯಲ್ಲಿ ಬಿಯರಿನ ಪೀಪಾಯಿಗಳ ಪಕ್ಕ ಹಲಗೆಯ ಮೇಲೆ ಅಮೋಸ್ ಮಲಗಿದ್ದ. ಮುಂದಿನ ಕೋಣೆಯಲ್ಲಿ ಹನ್ನೆರಡು ಮಂದಿ ಪಂಚರು ಬೆಂಚುಗಳ ಮೇಲೆ ಕೂತಿದ್ದರು. ಅವರಲ್ಲಿ ಗಿರಣಿಯವನಿದ್ದ, ಕಟುಕನಿದ್ದ, ಉಳಿದವರು ದೊಡ್ಡ ಗೇಣಿದಾರರು. ಹನ್ನೆರಡೂ ಜನ ಕೂತ ನೆಲ, ಉಳುವ ನೆಲ, ಮಲಗುವ ಮನೆ ಧಣಿಯದು. ಹನ್ನೆರಡೂ ಜನರ ಗೇಣಿ ತಿಂಗಳ ಕೊನೆಗೆ, ಮೈಕೆಲ್ ದೇವದೂತನ ಹಬ್ಬಕ್ಕೆ ಹೊಸದಾಗಬೇಕಿತ್ತು.

ಪಟ್ಟಣದಿಂದ ಬಂದ ಪಂಚನಾಮೆ ಸಾಹೇಬ ಗಡಿಯಾರ ತೆಗೆದು ಮೇಜಿನ ಮೇಲಿಟ್ಟ. ಒಳಗೆ ಹಂದಿಮಾಂಸ ಬೇಯುವ ವಾಸನೆ ಬರುತ್ತಿತ್ತು.

"ಕಾನೂನು ನಿಮಗೆ ಗೊತ್ತಿದೆ," ಎಂದ. "ಮನುಷ್ಯನ ಸಾವಿಗೆ ಯಾವ ವಸ್ತು ಚಲಿಸಿ ಕಾರಣವಾಯಿತೋ ಆ ವಸ್ತು ಅಪರಾಧಿ. ಅದು ದೇವರ ಪಾಲು. ಅದರ ಬೆಲೆಯನ್ನು ನೀವು ಕಟ್ಟಬೇಕು. ಗಾಡಿ ಚಲಿಸುತ್ತಿದ್ದರೆ ಗಾಡಿ, ಕುದುರೆ, ಹೊರೆ ಎಲ್ಲವೂ ಅಪರಾಧಿಗಳು. ಚಕ್ರ ಮಾತ್ರ ಚಲಿಸುತ್ತಿದ್ದರೆ ಚಕ್ರ ಮಾತ್ರ."

ಪಂಚರು ಒಬ್ಬರ ಮುಖ ಒಬ್ಬರು ನೋಡಿದರು. ಮೂರು ಸಫಕ್ ತಳಿಯ ಕುದುರೆ, ದೊಡ್ಡ ಗಾಡಿ, ಒಂದು ಹೊರೆ ಗೋಧಿ. ಗಿರಣಿಯವನು ಗಂಟಲು ಸರಿಮಾಡಿಕೊಂಡ. ಬಾಗಿಲಲ್ಲಿ ನಿಂತ ಹೆಪ್ಸಿಗೆ ಆಗ ಒಂದು ಆಸೆ ಹುಟ್ಟಿತು. ಹಿಂದೆ ಪಕ್ಕದೂರಲ್ಲಿ ಒಬ್ಬನನ್ನು ಹೋರಿ ತಿವಿದು ಕೊಂದಾಗ ಹೋರಿಯ ಬೆಲೆಯನ್ನು ವಿಧವೆಗೇ ಕೊಟ್ಟಿದ್ದರು. ಆ ಹೆಂಗಸು ಒಂದು ಹಸು ಕಟ್ಟಿಕೊಂಡು ಮಕ್ಕಳ ಜೊತೆಗೇ ಉಳಿದಳು, ದಿಕ್ಕಿಲ್ಲದವರನ್ನು ಕೂಡಿಹಾಕುವ ಗಂಜಿಮನೆಗೆ ಹೋಗಲಿಲ್ಲ. ಗಂಜಿಮನೆಗೆ ಹೋದರೆ ತಾಯಿಯನ್ನು ಒಂದು ಕಡೆ, ಮಕ್ಕಳನ್ನು ಒಂದು ಕಡೆ ಹಾಕುತ್ತಾರೆ. ನಡುವೆ ಗೋಡೆ. ಕೂಸು ಅತ್ತರೆ ಕೇಳಿಸುತ್ತದಂತೆ, ಹೋಗುವ ಹಾಗಿಲ್ಲವಂತೆ.

ಸಾಕ್ಷಿಗೆ ಎಬ್ನರ್ ತಾತನನ್ನು ಕರೆದರು. ಕೊಯ್ಲಿನ ಆಳುಗಳು ವರ್ಷವರ್ಷ ತಮ್ಮೊಳಗೇ ಒಬ್ಬನನ್ನು ಸುಗ್ಗಿ ದೊರೆ ಎಂದು ಆರಿಸಿಕೊಳ್ಳುತ್ತಾರೆ. ಕುಡುಗೋಲು ಮೊದಲು ಎತ್ತುವವನು ಅವನೇ, ಧಣಿಯ ಜೊತೆ ಮಾತಾಡುವವನೂ ಅವನೇ. ಎಬ್ನರ್ ಹಾಗೆ ಎಷ್ಟೋ ಸುಗ್ಗಿಗಳ ದೊರೆ. ಇಡೀ ಮೈಯಲ್ಲಿ ಸೊಟ್ಟಗಾಗದೆ ಉಳಿದದ್ದು ಅವನ ನಾಲಿಗೆಯೊಂದೇ.

"ಗಾಡಿ ಚಲಿಸುತ್ತಿತ್ತೇ?"

"ಹೂಂ ಬುದ್ಧಿ. ಹೋಗ್ತಿತ್ತು."

"ಗಾಡಿ ಹೋಗುತ್ತಿತ್ತೋ, ಚಕ್ರ ತಿರುಗುತ್ತಿತ್ತೋ?"

"ಚಕ್ರ ತಿರುಗ್ದೆ ಗಾಡಿ ಹೆಂಗೆ ಹೋಗ್ತದೆ ಬುದ್ಧಿ?"

"ಕೇಳಿದ್ದಕ್ಕೆ ಮಾತ್ರ ಉತ್ತರ ಕೊಡು. ಚಕ್ರ ತಿರುಗುತ್ತಿತ್ತೇ?"

"ತಿರುಗ್ತಿತ್ತು."

"ಬರೆದುಕೊಳ್ಳಿ," ಎಂದ ಸಾಹೇಬ ಗುಮಾಸ್ತನಿಗೆ. "ಚಕ್ರ ತಿರುಗುತ್ತಿತ್ತು."

ಗಿರಣಿಯವನು ಎದ್ದು ನಿಂತ. "ನಂಗೆ ಅನ್ಸೋದು ಏನಪ್ಪ ಅಂದ್ರೆ, ಕುದುರೆ ಉಸಿರು ತಗೊಳ್ಳೋಕೆ ಒಂದು ಗಳಿಗೆ ನಿಂತಿರ್ತವೆ. ಗುಡ್ಡ ಅಲ್ವಾ? ಕುದುರೆ ನಿಂತ್ರೆ ಗಾಡಿ ನಿಂತಂಗೆ. ಗಾಡಿ ನಿಂತಿದ್ದಾಗ ಚಕ್ರ ತನ್ನಷ್ಟಕ್ಕೆ ತಾನು ಕಳಚ್ಕೊಂಡು ಹೊರಟದೆ."

"ನಿಂತಿರ್ಲಿಲ್ಲ," ಎಂದ ಎಬ್ನರ್.

"ನೀನು ಆಗ ಎಲ್ಲಿದ್ದೆ?"

"ಹೊರೆ ಮೇಲೆ."

"ಹೊರೆ ಮೇಲೆ ಕೂತವನಿಗೆ ಕುದುರೆ ಕಾಲು ಕಾಣ್ತದೇನೋ ಮುದುಕ?"

ಪಂಚರು ನಕ್ಕರು. ಕಟುಕ ಅಷ್ಟಕ್ಕೆ ಬಿಡಲಿಲ್ಲ. ಅವನದು ಮೂಳೆ ಮಾಂಸ ಬೇರೆ ಮಾಡುವ ಕೈ. ಚಕ್ರದಲ್ಲೂ ಎದೆಯ ಮೇಲೆ ಹತ್ತಿದ್ದು ಹೊರಗಿನ ಕಬ್ಬಿಣದ ಪಟ್ಟಿ ಮಾತ್ರ, ಅರಗಳು ಚಕ್ರದ ನಡುವಿನ ಗುಂಬವನ್ನು ಹಿಡಿದುಕೊಂಡು ಸುಮ್ಮನೆ ಇದ್ದವು, ಆದ್ದರಿಂದ ಮರದ ತಪ್ಪೇನೂ ಇಲ್ಲ ಎಂದು ವಾದ ಹೂಡಿದ. ಇದರ ಮೇಲೆ ಒಂದಷ್ಟು ಹೊತ್ತು ಗಂಭೀರವಾದ ಚರ್ಚೆ ನಡೆಯಿತು. ಸಾಹೇಬ ಅಡುಗೆಮನೆಯ ಕಡೆ ನೋಡಿ, ಚಕ್ರವನ್ನು ಒಡೆಯುವುದು ಬೇಡ, ಇಡಿಯಾಗಿಯೇ ಅಪರಾಧಿ ಎಂದು ತೆಗೆದುಕೊಳ್ಳೋಣ ಎಂದ.

ಹೆಪ್ಸಿ ಬಾಗಿಲಿಂದಲೇ ಹೇಳಿದಳು. "ಕಡಾಣಿ ಸವೆದಿತ್ತು ಬುದ್ಧಿ. ನಮ್ಮನೆಯವ್ರು ಹೇಳಿದ್ರು. ಗ್ಯಾರಡ್ ಸ್ವಾಮಿಗೆ ಗೊತ್ತು."

"ಕಡಾಣಿ ನಿನ್ನ ಗಂಡನ ಎದೆಯ ಮೇಲೆ ಹೋಯಿತೇ?"

"ಇಲ್ಲ."

"ಮತ್ತೆ ಅದರ ಮಾತು ಯಾಕೆ?"

"ಅದು ಬಿದ್ದಿದ್ದಕ್ಕೇ ಅಲ್ವಾ ಚಕ್ರ..."

"ನೋಡಮ್ಮ, ಹಾಗೆ ಹಿಂದಹಿಂದಕ್ಕೆ ಹೋದರೆ ಗೋಧಿ ಬಿತ್ತಿದವನವರೆಗೂ ಹೋಗಬೇಕಾಗುತ್ತದೆ. ಆಮೇಲೆ ಮಳೆ ಕೊಟ್ಟವನವರೆಗೆ."

ಬೆಲೆ ಕಟ್ಟುವುದು ಉಳಿಯಿತು. ಹೊಸ ಚಕ್ರವಾದರೆ ಇಷ್ಟಿಷ್ಟು ಆಗುತ್ತದೆ ಎಂದು ಯಾರೋ ಶುರುಮಾಡಿದರು. ಗಿರಣಿಯವನು ತಲೆಯಾಡಿಸಿದ. "ಅಯ್ಯೋ, ಕೊಲೆ ಮಾಡಿದ ಚಕ್ರ ಅದು. ಅದನ್ನ ಯಾರು ಕೊಳ್ತಾರೆ? ಬೆಲೆ ಬಿದ್ದೋಗ್ಯದೆ." ಎಲ್ಲರಿಗೂ ಸರಿಯೆನಿಸಿತು. ಒಂದು ಶಿಲಿಂಗು ಎಂದು ತೀರ್ಮಾನವಾಯಿತು. ಗಾಡಿ ನಿಂತಿತ್ತು, ಚಕ್ರ ಮಾತ್ರ ಹೋಗುತ್ತಿತ್ತು ಎಂದು ಗುಮಾಸ್ತ ಬರೆದ. ಹನ್ನೆರಡು ಮಂದಿ ಬೈಬಲ್ ಮುಟ್ಟಿದ್ದರು, ಹನ್ನೆರಡು ಮಂದಿಯೂ ರುಜು ಹಾಕಿದರು.

ಊರ ಕಾನ್‌ಸ್ಟೇಬಲ್ ಫಿಸ್ಕ್ ಚಕ್ರವನ್ನು ವಶಕ್ಕೆ ತೆಗೆದುಕೊಂಡ. ಅವನ ನಿಜವಾದ ಕಸುಬು ಜೋಡು ಹೊಲಿಯುವುದು. ಕೈದಿಯನ್ನು ಎಲ್ಲಿಡಬೇಕೆಂದು ತಿಳಿಯದೆ ಹಿತ್ತಲಿನ ಪಿಯರ್ ಮರಕ್ಕೆ ಸರಪಳಿ ಹಾಕಿ ಕಟ್ಟಿ ಬೀಗ ಜಡಿದ. ಒಂದು ವಾರ ಅದರ ಮೇಲೆ ಅವನ ಹೆಂಡತಿ ಒಳಲಂಗ ಒಣಗಹಾಕಿದಳು.

ಕಮ್ಮಾರ ಹೊಸ ಕಡಾಣಿ ಮಾಡಿಟ್ಟ. ಅಮೋಸನ ಗುಣಿ ತೋಡಿ ಮುಗಿಯುವ ಮುಂಚೆಯೇ ಅದು ತಯಾರಾಗಿತ್ತು.

*

ಭಾನುವಾರ ಪ್ರಾರ್ಥನೆ ಮುಗಿದ ಮೇಲೆ ಚರ್ಚಿನ ಮೆಟ್ಟಿಲ ಮೇಲೆ ದೇವರ ಪಾಲು ಸಲ್ಲಿಸುವ ಕೆಲಸ ನಡೆಯಿತು. ದೇವರ ಪಾಲು ನ್ಯಾಯವಾಗಿ ರಾಣಿಗೆ ಹೋಗಬೇಕು. ಆದರೆ ಯಾವುದೋ ಕಾಲದ ರಾಜ ಯಾವುದೋ ಕಾಲದ ಧಣಿಗೆ ಈ ಊರಿನ ಮಟ್ಟಿಗೆ ಆ ಹಕ್ಕನ್ನು ಬರೆದುಕೊಟ್ಟಿದ್ದ. ಹೀಗಾಗಿ ಧಣಿಯ ಚಕ್ರ ಮಾಡಿದ ತಪ್ಪಿಗೆ ಧಣಿಯು ಧಣಿಗೆ ದಂಡ ಕೊಡಬೇಕಾಯಿತು. ಗ್ಯಾರಡ್ ಧಣಿಯ ಚೀಲದಿಂದ ಒಂದು ಶಿಲಿಂಗು ತೆಗೆದು ತಟ್ಟೆಯಲ್ಲಿಟ್ಟು ತಲೆಬಾಗಿ ನೀಡಿದ. ಸರ್ ಎವರಾರ್ಡ್ ತಲೆಬಾಗಿ ಸ್ವೀಕರಿಸಿದ. ಅವನ ಮುಖದಲ್ಲಿ ನಿಜವಾಗಿಯೂ ಭಾರವಿತ್ತು.

"ಇದನ್ನು ನಾನು ಇಟ್ಟುಕೊಳ್ಳಲಾರೆ," ಎಂದು ಹೆಪ್ಸಿಯನ್ನು ಕರೆದು ಅವಳ ಅಂಗೈಯಲ್ಲಿ ಹಾಕಿದ.

"ದೊಡ್ಡ ಮನಸ್ಸು," ಎಂದರು ಪಾದ್ರಿಗಳು. "ಮಂಡಿ ಬಗ್ಗಿಸಮ್ಮ."

ಹೆಪ್ಸಿ ಮಂಡಿ ಬಗ್ಗಿಸಿದಳು. ಕಂಕುಳಲ್ಲಿದ್ದ ಕೂಸು ನಾಣ್ಯಕ್ಕೆ ಕೈ ಚಾಚಿತು.

"ಇನ್ನೊಂದು ಮಾತು," ಎಂದ ಗ್ಯಾರಡ್, ಧಣಿ ಗಾಡಿ ಹತ್ತಿದ ಮೇಲೆ. "ನೀವಿರೋ ಮನೆ ಗಾಡಿ ಹೊಡೆಯೋ ಆಳಿಂದು. ಗಾಡಿ ಆಳು ಈಗ ನಿನ್ನ ಮನೇಲಿಲ್ಲ. ಮೈಕೆಲ್ ಹಬ್ಬಕ್ಕೆ ಹೊಸಬ ಬರ್ತಾನೆ. ಅಷ್ಟೊತ್ತಿಗೆ ಖಾಲಿ ಮಾಡು. ಗಂಜಿಮನೆಗೆ ಹೇಳಿದೀನಿ, ಜಾಗ ಅದಂತೆ."

"ಮಕ್ಕಳು ಸ್ವಾಮಿ?"

"ಮಕ್ಕಳಿಗೂ ಅದೆ. ಬೇರೆ ಕಡೆ."

*

ಪಟ್ಟಣದ ಸಂತೆಯ ದಿನ ಒಬ್ಬ ವಕೀಲ ಹೋಟೆಲಿನ ಮೂಲೆಯಲ್ಲಿ ಕೂತು ಊಟ ಮಾಡುತ್ತ ಬಡವರಿಗೆ ಬಿಟ್ಟಿ ಸಲಹೆ ಕೊಡುತ್ತಾನೆ, ಊಟ ಮುಗಿಯುವವರೆಗೆ ಮಾತ್ರ ಎಂದು ಎಬ್ನರ್ ಎಲ್ಲೋ ಕೇಳಿಕೊಂಡು ಬಂದಿದ್ದ. ಅವನೂ ಹೆಪ್ಸಿಯೂ ನಸುಕಿನಲ್ಲೇ ಎದ್ದು ನಡೆದು ಹೋದರು. ವಕೀಲ ಎಳೆಯ ಪ್ರಾಯದವನು. ಮುಖ ಒಳ್ಳೆಯದಿತ್ತು. ತಟ್ಟೆಯಲ್ಲಿ ಹಂದಿಮಾಂಸದ ಕಡುಬು ಅರ್ಧ ಉಳಿದಿತ್ತು.

ಹೆಪ್ಸಿ ಎಲ್ಲ ಹೇಳಿದಳು. ಕಡಾಣಿಯ ವಿಷಯ ಬಂದಾಗ ವಕೀಲ ಮೊದಲ ಬಾರಿಗೆ ತಲೆ ಎತ್ತಿದ.

"ನೋಡಮ್ಮ, ಕಾನೂನು ಬಹಳ ಸರಳ. ಒಬ್ಬನ ಅಜಾಗ್ರತೆಯಿಂದ ಇನ್ನೊಬ್ಬನಿಗೆ ನಷ್ಟವಾದರೆ ಆ ನಷ್ಟ ಬಿದ್ದವನ ಮೇಲೇ ಬಿದ್ದಿರಬಾರದು. ಮಾಡಿದವನ ಮೇಲೆ ಹೋಗಬೇಕು. ಒಡೆದವನು ಕೊಡಬೇಕು. ಒಡೆಯೋ ಮುಂಚೆ ಹೇಗಿತ್ತೋ, ದುಡ್ಡಿಂದ ಆಗುವಷ್ಟು ಮಟ್ಟಿಗೆ ಹಾಗೆ ಮಾಡಿಕೊಡಬೇಕು. ಇಷ್ಟೇ ಅದರ ಉದ್ದೇಶ."

ಹೆಪ್ಸಿ ಒಂದು ಹೆಜ್ಜೆ ಮುಂದೆ ಬಂದಳು. ಇಷ್ಟು ದಿನದಲ್ಲಿ ಯಾರೂ ಇಷ್ಟು ನೆಟ್ಟಗೆ ಮಾತಾಡಿರಲಿಲ್ಲ. "ಹಂಗಾದ್ರೆ ಕೊಡಿಸಿ ಬುದ್ಧಿ."

"ನಿನ್ನ ಗಂಡ ಬದುಕಿದ್ದಾನಾ?"

"ಇಲ್ಲ ಅಂತ ಈಗ ಹೇಳಿದ್ನಲ್ಲ."

"ಅದೇ ತೊಂದರೆ. ದೂರು ಅವನದು. ಅವನು ಸತ್ತಾಗ ದೂರೂ ಸತ್ತಿತು. ಕಾಲು ಮುರಿದುಕೊಂಡು ಬದುಕಿದ್ದರೆ ಏನಾದರೂ ಹೇಳಬಹುದಿತ್ತು."

ಎಬ್ನರ್ ಟೋಪಿಯನ್ನು ತಿರುಗಿಸುತ್ತ ಕೇಳಿದ. "ಅಂದ್ರೆ ಬುದ್ಧಿ, ಕುಂಟ ಮಾಡಿದ್ರೆ ದುಡ್ಡು, ಕೊಂದ್ರೆ ಬಿಟ್ಟಿ."

"ಹಾಗಲ್ಲ... ಹಾಗೇ ಅನ್ನು. ಆದರೂ ಬದುಕಿದ್ದರೂ ಕಷ್ಟವೇ. ಕಡಾಣಿ ಸವೆದಿದೆ ಅಂತ ಅವನಿಗೆ ಗೊತ್ತಿತ್ತಲ್ಲ? ಗೊತ್ತಿದ್ದೂ ಹೋದ. ಅಪಾಯವನ್ನು ಒಪ್ಪಿಕೊಂಡ ಹಾಗೆ."

"ಒಪ್ಕೊಳ್ದಿದ್ರೆ ಕೆಲ್ಸ ಹೋಗ್ತಿತ್ತು," ಎಂದಳು ಹೆಪ್ಸಿ.

"ಹೋಗಲಿ ಅನ್ನೋ ಸ್ವಾತಂತ್ರ್ಯ ಅವನಿಗಿತ್ತು. ಇನ್ನು, ರಿಪೇರಿ ಮಾಡಿಸದಿದ್ದದ್ದು ಯಾರು? ಗ್ಯಾರಡ್. ಗ್ಯಾರಡ್ ಯಾರು? ಅವನೂ ಧಣಿಯ ಆಳು. ಆಳಿಂದ ಆಳಿಗೆ ಏಟಾದರೆ ಧಣಿ ಹೊಣೆಯಲ್ಲ. ಇಬ್ಬರೂ ಜೊತೆಗಾರರು."

"ಗ್ಯಾರಡ್ಡು ಅಮೋಸನ ಜೊತೆಗಾರ," ಎಂದ ಎಬ್ನರ್, ಆ ಮಾತಿನ ರುಚಿ ನೋಡುವವನಂತೆ.

"ನಂಗೇನೂ ನಷ್ಟ ಆಗಿಲ್ಲ ಅಂತೀರಾ?" ಎಂದಳು ಹೆಪ್ಸಿ.

"ಕಾನೂನಿನ ಕಣ್ಣಿಗೆ ಕಾಣೋ ನಷ್ಟ ಇಲ್ಲ. ನೀನು ಗಾಯಗೊಂಡು ಮಲಗಿದ್ದರೆ ನಿನ್ನ ಗಂಡ ಕೇಳಬಹುದಿತ್ತು, ಹೆಂಡತಿಯ ಸೇವೆ ತಪ್ಪಿತು ಅಂತ. ಗಂಡ ತಪ್ಪಿದರೆ ಹೆಂಡತಿ ಕೇಳೋ ಹಾಗಿಲ್ಲ." ವಕೀಲ ಯೋಚಿಸಿದ. ಅವನಿಗೆ ನಿಜವಾಗಿಯೂ ಸಹಾಯ ಮಾಡಬೇಕೆಂದಿತ್ತು. "ಅವನು ಕೂಡಲೇ ಸತ್ತನೇ?"

"ಮಾರನೇ ದಿನ ಮಧ್ಯಾಹ್ನ."

"ಹಾಗಾದರೆ ಆ ಅಷ್ಟು ಹೊತ್ತು ಒಬ್ಬರಿಗೆ ನಷ್ಟವಾಗಿದೆ," ಎಂದ, ಕಣ್ಣರಳಿಸಿ. "ಧಣಿಗೆ. ಆಳಿನ ಕೆಲಸ ತಪ್ಪಿತಲ್ಲ. ಅವರು ಬೇಕಾದರೆ ದಾವಾ ಹೂಡಬಹುದು."

"ಯಾರ ಮೇಲೆ?"

ವಕೀಲ ತಟ್ಟೆಯ ಕಡೆ ನೋಡಿದ. ಕಡುಬು ಮುಗಿದಿತ್ತು.

ಹಿಂತಿರುಗುವಾಗ ಇಬ್ಬರೂ ಅರ್ಧ ದಾರಿ ನಡೆದರು. ಆಮೇಲೆ ಎಬ್ನರ್ ನಗಲು ಶುರುಮಾಡಿದ. ಕೆಮ್ಮು ಬರುವವರೆಗೆ ನಕ್ಕ, ಕೆಮ್ಮಿ ರಸ್ತೆಯ ಪಕ್ಕ ಕುಕ್ಕರಿಸಿದ. ಹೆಪ್ಸಿ ಅವನ ಬೆನ್ನು ತಿಕ್ಕಿದಳು.

"ಒಡೆದವನು ಕೊಡ್ಬೇಕು ಅಂದ್ನಲ್ಲ ತಾತ. ಅಷ್ಟು ಮಾತ್ರ ಸರಿಯಾಗಿ ಹೇಳ್ದ."

"ಹೂಂ. ಒಡೆದದ್ದು ಚಕ್ರ, ಮಗ. ಹನ್ನೆರಡು ಜನ ಬೈಬಲ್ ಮುಟ್ಟಿ ಹೇಳವ್ರೆ."

*

ಗುಡ್ಡದ ಹೊಲದಲ್ಲಿ ಉಳಿದ ಸಿವುಡುಗಳು ಹಾಗೇ ನಿಂತಿದ್ದವು. ಹೊರೆ ಇಳಿಸಿ ಮೇಲಕ್ಕೆ ಎಳೆಸಿದ್ದ ಗಾಡಿ ಮೂರು ಚಕ್ರದ ಮೇಲೆ, ನಾಲ್ಕನೆಯ ಕಡೆ ಮರದ ತುಂಡು ಕೊಟ್ಟುಕೊಂಡು, ಗುಡ್ಡದ ತಲೆಯಲ್ಲಿ ವಾಲಿ ನಿಂತಿತ್ತು. ಕಡೆಗೊಂದು ದಿನ ದಂಡ ಸಂದಾಯವಾಗಿರುವುದರಿಂದ ಚಕ್ರದ ಶಿಕ್ಷೆ ಮುಗಿದಿದೆ ಎಂದು ಗ್ಯಾರಡ್ ಫಿಸ್ಕ್‌ಗೆ ತಿಳಿಸಿದ. ಫಿಸ್ಕ್ ಬೀಗ ತೆಗೆದ. ಅಂದೇ ಕಡೆಯ ಹೊರೆ ಹೊರಡಬೇಕು. ಕಡೆಯ ಹೊರೆಗೆ ಹಸಿರು ಕೊಂಬೆ ಕಟ್ಟಿ, ಹಾಡು ಹೇಳಿ ತರುವುದು ರೂಢಿ. ಧಣಿಯ ನೆಂಟರು ಅದನ್ನು ನೋಡಲೆಂದೇ ಬಂದು ತೋಟದಲ್ಲಿ ಚಹಾ ಕುಡಿಯುತ್ತಿದ್ದರು.

ಚಕ್ರ ಆಳೆತ್ತರದ್ದು. ಆರು ಜನ ಆಳುಗಳು ಅದನ್ನು ಗುಡ್ಡಕ್ಕೆ ಉರುಳಿಸಿಕೊಂಡು ಹೋಗಬೇಕಾಯಿತು. ಅದು ಕೆಳಕ್ಕೆ ಜಾರದ ಹಾಗೆ ಎಬ್ನರ್ ಹಿಂದೆ ಹಿಂದೆ ಕಲ್ಲು ಕೊಡುತ್ತ ನಡೆದ. ಹೆಪ್ಸಿ ಕೂಳೆಯಲ್ಲಿ ಬಿದ್ದ ತೆನೆಗಳ ಹಕ್ಕಲು ಆಯುವುದಕ್ಕೆ ಬಂದಿದ್ದಳು. ಗ್ಯಾರಡ್ ಅವಳ ಕೈಗೆ ಹೊಸ ಕಡಾಣಿ ಕೊಟ್ಟ.

"ಸುಮ್ನೆ ನಿಂತಿರ್ಬೇಡ, ಇದನ್ನ ಹಿಡ್ಕೊಂಡು ಹೋಗು. ಬೀಳ್ಸೀಯ ಮತ್ತೆ. ನಿಮ್ಮನೇವ್ರಿಗೆ ಕಡಾಣಿ ಬೀಳ್ಸೋದು ರೂಢಿ."

ಕಡಾಣಿ ಕಪ್ಪಗೆ ಮಿರಿಮಿರಿ ಮಿಂಚುತ್ತಿತ್ತು. ಅವಳು ಅದನ್ನು ಕೈಯಲ್ಲಿ ತೂಗಿ ನೋಡಿದಳು. ಏನೂ ಮಹಾ ಭಾರವಿರಲಿಲ್ಲ. ಲಂಗದ ಮೇಲೆ ಕಟ್ಟಿದ್ದ ಮುಂಗವಚದ ಜೇಬಿಗೆ ಹಾಕಿಕೊಂಡಳು. ಅದೇ ಜೇಬಿನಲ್ಲಿ ಶಿಲಿಂಗು ಇತ್ತು. ಅದನ್ನು ಅವಳು ಖರ್ಚು ಮಾಡಿರಲಿಲ್ಲ. ಎರಡೂ ಒಂದಕ್ಕೊಂದು ತಾಗಿ ಸದ್ದಾಯಿತು.

ಗುಡ್ಡದ ತಲೆಗೆ ಬರುವ ಹೊತ್ತಿಗೆ ಎಲ್ಲರ ಮೈಯೂ ನೀರಾಗಿತ್ತು. ಗಾಡಿ ಇನ್ನು ಹತ್ತು ಮಾರು. ಉಸಿರು ತೆಗೆದುಕೊಳ್ಳಲು ನಿಂತರು. ಗ್ಯಾರಡ್ ಕುದುರೆಯ ಮೇಲೆ ಸ್ವಲ್ಪ ಕೆಳಗೆ, ಬೆನ್ನು ಮಾಡಿಕೊಂಡು, ಧಣಿಯ ನೆಂಟರಿಗೆ ಟೋಪಿ ಬೀಸುತ್ತಿದ್ದ.

"ನಾನೂ ಒಂದು ಕೈ ಹಾಕ್ತೀನಿ," ಎಂದಳು ಹೆಪ್ಸಿ.

ಆಳುಗಳು ಜಾಗ ಬಿಟ್ಟರು. ಅವಳು ಮೊದಲ ಬಾರಿಗೆ ಅದನ್ನು ಮುಟ್ಟಿದಳು. ಕಬ್ಬಿಣದ ಪಟ್ಟಿ ಬಿಸಿಲಿಗೆ ಬೆಚ್ಚಗಿತ್ತು, ದನದ ಮೈಯ ಹಾಗೆ. ಕೆಳಗೆ ಟರ್ನಿಪ್ ಹೊಲ, ಬೇಲಿ, ಬೇಲಿಯಾಚೆ ಗಾಜು ಸೂರ್ಯನನ್ನು ಹಿಡಿದುಕೊಂಡು ಥಳಥಳ ಅನ್ನುತ್ತಿತ್ತು. ನೆಂಟರು ಕೂತಿದ್ದದ್ದು ಅದಕ್ಕೆ ದೂರ, ಬಂಗಲೆಯ ಮುಂದಿನ ಮರದಡಿ.

"ತೋಟದ ಮಾಲಿ ಎಲ್ಲವ್ನೆ?" ಎಂದು ಎಬ್ನರ್ ಯಾರನ್ನೋ ಕೇಳಿದ.

"ಚಹಾ ಹೊರ್ತಾ ಅವ್ನೆ, ಅಲ್ಲಿ."

"ಒಳಗೆ ಯಾರೂ ಇಲ್ಲ?"

"ದ್ರಾಕ್ಷಿ ಅವೆ."

ಎಬ್ನರ್ ಬಗ್ಗಿ ಚಕ್ರದಡಿಯ ಕಲ್ಲನ್ನು ತೆಗೆದು ಪಕ್ಕದ ಬೇಲಿಗೆ ಎಸೆದ. ಬೆನ್ನು ನೋವಿನವನಂತೆ ನಿಧಾನವಾಗಿ ನೆಟ್ಟಗಾಗಿ, ಮೂಗು ಒರೆಸಿಕೊಂಡ. ಒಬ್ಬನಿಗೆ ಟೋಪಿ ಸರಿಮಾಡಿಕೊಳ್ಳಬೇಕಾಯಿತು. ಇನ್ನೊಬ್ಬನಿಗೆ ಕತ್ತಿನ ಹಿಂದೆ ಏನೋ ಕಡಿಯಿತು. ಒಂದೊಂದೇ ಕೈ ಬಿಟ್ಟಿತು. ಕಡೆಗೆ ಉಳಿದ ಕೈ ಯಾರದೆಂದು ಹೆಪ್ಸಿ ನೋಡಿದಳು. ತನ್ನದೇ. ಒಂದು ಗಳಿಗೆ ಇಡೀ ಚಕ್ರದ ಭಾರ ಅವಳ ಅಂಗೈಯ ಮೇಲೆ ನಿಂತಿತು. ಅವಳು ಕೈಯನ್ನು ಮುಂಗವಚಕ್ಕೆ ಒರೆಸಿಕೊಂಡಳು.

ಚಕ್ರ ಮೊದಲು ಅನುಮಾನಿಸಿತು. ಆಮೇಲೆ ಗ್ಯಾರಡ್‌ನ ಕುದುರೆಯ ಪಕ್ಕದಿಂದ, ಕುದುರೆ ಎರಡು ಕಾಲ ಮೇಲೆ ಎದ್ದು ನಿಲ್ಲುವ ಹಾಗೆ, ಹಾದುಹೋಯಿತು. ಗ್ಯಾರಡ್ ಕೂಳೆಯ ಮೇಲೆ ಕುಂಡಿ ಊರಿದ. ಈ ಸಲ ಅದು ಗುಡ್ಡದ ತಲೆಯಿಂದ ಹೊರಟಿತ್ತು. ಟರ್ನಿಪ್ ಹೊಲದಲ್ಲಿ ಸುಸ್ತಾಗಲಿಲ್ಲ. ಬದುವಿನ ಮೇಲೆ ಒಮ್ಮೆ ನೆಗೆದು ಬೇಲಿಯನ್ನು ಸೀಳಿ ಒಳಗೆ ಹೋಯಿತು. ಸದ್ದು ಗುಡ್ಡದ ಮೇಲಕ್ಕೆ ಸ್ವಲ್ಪ ತಡವಾಗಿ ಬಂತು. ಬಹಳ ಹೊತ್ತು ಬರುತ್ತಲೇ ಇತ್ತು.

*

ಎಲ್ಲರೂ ಇಳಿದು ಹೋದಾಗ ಚಕ್ರ ದ್ರಾಕ್ಷಿ ಬಳ್ಳಿಗಳ ನಡುವೆ ನೆಟ್ಟಗೆ ನಿಂತಿತ್ತು. ಮಾಡಿನ ಗಾಜು ಇನ್ನೂ ಒಂದೊಂದಾಗಿ ಉದುರುತ್ತಿತ್ತು. ಧಣಿ ಚಹಾದ ಬಟ್ಟಲನ್ನು ಕೈಯಲ್ಲಿ ಹಿಡಿದೇ ಬಂದಿದ್ದ.

"ಯಾರು ಬಿಟ್ಟದ್ದು?" ಎಂದ.

ಗ್ಯಾರಡ್ ಕೂಳೆ ಚುಚ್ಚಿದ ಜಾಗವನ್ನು ಹಿಡಿದುಕೊಂಡು ಕುಂಟುತ್ತ ಬಂದ. "ಹೇಳ್ರೋ ಬೋಳಿಮಕ್ಳಾ. ಯಾರು ಬಿಟ್ಟಿದ್ದು?"

ಎಬ್ನರ್ ಟೋಪಿ ತೆಗೆದ. "ಗಾಡಿ ನಿಂತಿತ್ತು ಬುದ್ಧಿ. ನಾವೂ ನಿಂತಿದ್ವಿ. ಚಕ್ರ ಮಾತ್ರ ಹೋಗ್ತಿತ್ತು."

"ಏಯ್..."

"ಹೂಂ ಸ್ವಾಮಿ," ಎಂದ ಎರಡನೆಯವನು. "ನಾವು ನಿಂತಿದ್ವಿ. ಚಕ್ರ ಹೋಗ್ತಿತ್ತು."

ಮೂರನೆಯವನೂ ಅದನ್ನೇ ಹೇಳಿದ, ಚರ್ಚಿನಲ್ಲಿ ಪಾಠ ಒಪ್ಪಿಸುವವನಂತೆ. ಏಳನೆಯವನವರೆಗೂ ಅದೇ ಮಾತು ಹೋಯಿತು. ಫಿಸ್ಕ್ ಓಡಿ ಬಂದವನು ಏದುಸಿರು ಬಿಡುತ್ತ ಧಣಿಯನ್ನೂ ಚಕ್ರವನ್ನೂ ಆಳುಗಳನ್ನೂ ನೋಡಿದ.

"ಯಾರನ್ನ ಹಿಡ್ಕೊಳ್ಲಿ ಬುದ್ಧಿ?"

"ಮುನ್ನೂರು ಪೌಂಡಿನ ಗಾಜು," ಎಂದ ಧಣಿ. "ನನ್ನ ತಂದೆ ನೆಟ್ಟ ಬಳ್ಳಿ. ಇದನ್ನು ಯಾರು ತುಂಬಿಕೊಡುತ್ತಾರೆ? ಮೊದಲು ಹೇಗಿತ್ತೋ ಹಾಗೆ ಯಾರು ಮಾಡಿಕೊಡುತ್ತಾರೆ?"

ಹೆಪ್ಸಿ ಗಾಜಿನ ಚೂರುಗಳ ಮೇಲೆ ಕಾಲಿಡುತ್ತ ಒಳಗೆ ಹೋದಳು. ಅವಳ ಜೋಡಿನ ಅಡಿ ತೆಳ್ಳಗಾಗಿತ್ತು. ಒಂದು ಚೂರು ಚುಚ್ಚಿತು, ನಿಲ್ಲಲಿಲ್ಲ. ಜೇಬಿನಿಂದ ಶಿಲಿಂಗು ತೆಗೆದು ಚಕ್ರದ ಗುಂಬದ ಮೇಲೆ ಇಟ್ಟಳು.

"ಒಡೆದವನು ಕೊಡ್ಬೇಕು ಬುದ್ಧಿ. ಇದರ ಬೆಲೆ ಹನ್ನೆರಡು ಜನ ಕಟ್ಟವ್ರೆ. ಒಂದು ಶಿಲಿಂಗು. ತಗೊಳ್ಳಿ. ನಮ್ಮ ನಿಮ್ಮದು ತೀರ್ತು."

"ನಿನ್ನನ್ನ ಜೈಲಿಗೆ ಹಾಕಿಸ್ತೀನಿ," ಎಂದ ಗ್ಯಾರಡ್.

"ಅಲ್ಲಿ ಮಕ್ಕಳನ್ನ ಜೊತೇಲಿ ಇಟ್ಕೊಳ್ಳೋಕೆ ಬಿಡ್ತಾರಾ ಸ್ವಾಮಿ?" ಎಂದು ಕೇಳಿದಳು. ಅದು ಅವಳಿಗೆ ನಿಜವಾಗಿಯೂ ಗೊತ್ತಿರಲಿಲ್ಲ.

ಗ್ಯಾರಡ್ ಧಣಿಯ ಮುಖ ನೋಡಿದ. ಫಿಸ್ಕ್ ಏನಾದರೂ ಮಾಡಬೇಕಲ್ಲ ಎಂದು ಸೊಂಟದಿಂದ ಸರಪಳಿ ಬಿಚ್ಚಿ ಮತ್ತೆ ಚಕ್ರದ ಅರಕ್ಕೆ ಸುತ್ತತೊಡಗಿದ. ನಾಣ್ಯವನ್ನು ಮಾತ್ರ ಮುಟ್ಟಲಿಲ್ಲ. ಧಣಿಯೂ ಮುಟ್ಟಲಿಲ್ಲ.

ಮೊದಲ ಹನಿ ಒಡೆದ ಮಾಡಿನಿಂದ ನೇರವಾಗಿ ದ್ರಾಕ್ಷಿಯ ಮೇಲೆ ಬಿತ್ತು. ಪಡುವಣದ ಮೋಡ ಈ ಸಲ ಚೆದುರಲಿಲ್ಲ. ಗುಡ್ಡದ ಮೇಲೆ ಗೋಧಿ ನೆನೆಯುತ್ತಿತ್ತು, ಕೊಂಬೆ ಕಟ್ಟಿದ ಗಾಡಿ ಮರದ ತುಂಡಿನ ಮೇಲೆ ವಾಲಿಕೊಂಡು ನೆನೆಯುತ್ತಿತ್ತು. ಹೆಪ್ಸಿ ತೋಟದ ಬಾಗಿಲು ದಾಟಿ ಮನೆಯ ದಾರಿ ಹಿಡಿದಳು. ಮೈಕೆಲ್ ಹಬ್ಬಕ್ಕೆ ಇನ್ನೂ ದಿನಗಳಿದ್ದವು, ಅಲ್ಲಿಯವರೆಗೆ ಅದು ಅವಳ ಮನೆಯೇ. ಹೊಸ ಕಡಾಣಿಯನ್ನು ವಾಪಸು ಕೇಳಲು ಯಾರಿಗೂ ನೆನಪಾಗಲಿಲ್ಲ. ಹೆಜ್ಜೆ ಹೆಜ್ಜೆಗೂ ಅದು ಅವಳ ತೊಡೆಗೆ ತಾಗುತ್ತಿತ್ತು.